ನಾಲೆ ಹಿಡಿದು ಬೀಗರೂಟಕ್ಕೆ ಹೊರಟದ್ದು

ಅಂದು ಬೆಳಿಗ್ಗೆ ಗುಡ್ಡದ ಬುಡದಲ್ಲಿ ನಿಂತಿದ್ದವರು ಮೂವರು. ಒಬ್ಬರು ನನ್ನ ಬೀಗರು, ಹೊಳಲಿನ ನಿಂಗೇಗೌಡರು. ಹದಿನೈದು ದಿನದ ಹಿಂದಷ್ಟೇ ಅವರ ಮಗನಿಗೆ ನನ್ನ ಮಗಳನ್ನು ಧಾರೆಯೆರೆದು ಕೊಟ್ಟಿದ್ದೆ. ಇನ್ನೊಬ್ಬರು ಅವರ ಧರ್ಮಪತ್ನಿ ಸಾಕಮ್ಮನವರು. ಮೂರನೆಯವನು ನಾನು. ಮಂಡ್ಯದ ಸ್ಕೂಲೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿ, ಸಾವಿರಾರು ಮಕ್ಕಳಿಗೆ ಎಡ ಯಾವುದು ಬಲ ಯಾವುದು ಎಂದು ಕಲಿಸಿ, ಈಗ ಅಲ್ಲೇ ಗುತ್ತಲು ಬಡಾವಣೆಯ ಮನೆಯಲ್ಲಿ ನಿವೃತ್ತನಾಗಿ ಕೂತಿರುವವನು.

ಅಂದು ನಮ್ಮ ಕಡೆಯಿಂದ ಬೀಗರೂಟ. ಗುತ್ತಲಿನ ನಮ್ಮ ಬೀದಿಯಲ್ಲಿ ಶಾಮಿಯಾನ ಹಾಕಿದರೆ ಹಾಲಿನವನ ಸೈಕಲ್ಲೂ ದಾಟುವುದಿಲ್ಲ. ಆದ್ದರಿಂದ ಮಳವಳ್ಳಿ ಕಡೆಯ ನನ್ನ ಹೆಂಡತಿ ಜಯಮ್ಮನ ತವರಿನಲ್ಲಿ, ಭಾವಮೈದುನನ ಕಣದಲ್ಲಿ ಏರ್ಪಾಡಾಗಿತ್ತು. ಮದ್ದೂರಿನಿಂದ ಅಡುಗೆಯವರು ಬಂದಿದ್ದರು. ಕುರಿ ಬಾಡು ಬೇಯುತ್ತಿತ್ತು. ಮುದ್ದೆ ಕೂಡಿಸಲು ಊರಿನ ಆರು ಜನ ಹೆಂಗಸರು ಸೆರಗು ಸಿಕ್ಕಿಸಿ ನಿಂತಿದ್ದರು. ನಮ್ಮ ಕಡೆ ಬೀಗರೂಟಕ್ಕೆ ಎರಡೇ ಕಾನೂನು. ಬೀಗರು ಕೂರುವವರೆಗೆ ಯಾರೂ ಕೂರುವಂತಿಲ್ಲ. ಮುದ್ದೆ ಎಲೆಗೆ ಬಿದ್ದಾಗ ಹಬೆ ಆಡುತ್ತಿರಬೇಕು. ಮಿಕ್ಕದ್ದೆಲ್ಲ ಏನಾದರೂ ಜನ ಕ್ಷಮಿಸುತ್ತಾರೆ.

ಈಗ ನನ್ನ ಸಂಕಟ ಹೇಳಿಬಿಡುತ್ತೇನೆ. ಮದುವೆಯ ದಿನ ಛತ್ರದಲ್ಲಿ ನಿಂಗೇಗೌಡರು ತಮ್ಮ ನೆಂಟರಿಗೆ ನನ್ನನ್ನು ಪರಿಚಯಿಸುತ್ತಾ, "ನಮ್ ಬೀಗ್ರು ಡ್ರಿಲ್ ಮೇಷ್ಟ್ರು ಕಣ್ರಪ್ಪ. ನೆರಳಲ್ಲಿ ನಿಂತ್ಕಂಡು ಪೀಪಿ ಊದದು, ಬಿಸ್ಲಲ್ಲಿ ಮಕ್ಳನ್ನ ಓಡ್ಸದು" ಎಂದಿದ್ದರು. ನೆಂಟರು ನಕ್ಕರು. ನನ್ನ ಮಗಳೂ ನಕ್ಕಳು! ಅಂದೇ ನಿರ್ಧರಿಸಿದ್ದೆ. ಈ ಮನುಷ್ಯನ ಬಾಯಿಂದಲೇ "ಭಲೇ ಬೀಗ್ರೇ" ಅನ್ನಿಸಬೇಕು.

ಅವಕಾಶ ತಾನಾಗಿ ಬಂತು. ಇಡ್ಲಿ ತಿಂದು ಕೈತೊಳೆದ ನಿಂಗೇಗೌಡರು ಮನೆಯ ಹಿಂದಿನ ಕಾಡು, ಗುಡ್ಡ ನೋಡಿ ಹೇಳಿದರು. "ಡಾಕುಟ್ರು ದಿನಾ ನಡೀರಿ ಅಂದವ್ರೆ. ನಮ್ಮೂರಲ್ಲಿ ಎತ್ತಗ್ ನೋಡುದ್ರೂ ಕಬ್ಬು, ಇಲ್ಲಾಂದ್ರೆ ನಾಲೆ. ಕಾಡು ಅಂದ್ರೆ ಎಂಗಿರ್ತದೆ ಒಸಿ ನೋಡ್ಬೇಕಲ್ಲ ಬೀಗ್ರೇ."

"ಬನ್ನಿ! ಈ ಕಾಡಿನ ಒಂದೊಂದು ಕಲ್ಲೂ ನನಗೆ ಗೊತ್ತು" ಎಂದೆ.

ಸತ್ಯವನ್ನು ಮುಚ್ಚಿಡಬಾರದು. ಅಳಿಯನಾಗಿ ಮೂವತ್ತು ವರ್ಷದಿಂದ ಆ ಊರಿಗೆ ಹೋಗಿಬರುತ್ತಿದ್ದೇನೆ. ಆ ಕಾಡಿನ ಬಗ್ಗೆ ನನಗಿರುವ ತಿಳುವಳಿಕೆಯೆಲ್ಲ ಮಾವನ ಮನೆಯ ಜಗಲಿಯ ಮೇಲೆ ಊಟವಾದ ನಂತರ ಮಲಗಿ, ಒಂದು ಕಣ್ಣು ತೆರೆದು ಸಂಪಾದಿಸಿದ್ದು.

ಜಯಮ್ಮ ಸಾರಿನ ಸೌಟು ಹಿಡಿದೇ ಓಡಿಬಂದಳು. "ರೀ, ಹನ್ನೆರಡೂವರೆಗೆ ಎಲೆ ಹಾಕ್ತೀವಿ. ನೀವ್ನೀವೇ ಹೋಗ್ಬೇಡಿ, ನಮ್ ತಮ್ಮನ್ನ ಕರ್ಕೊಂಡೋಗಿ."

"ನಿನ್ನ ತಮ್ಮ ನನಗೆ ದಾರಿ ತೋರಿಸಬೇಕಾ?"

"ಹೋದ್ವಾರ ನಮ್ ಬೀದಿನಲ್ಲೇ ಪಕ್ಕದ್ಮನೆ ಗೇಟು ತಕ್ಕೊಂಡು ಒಳಗೋಗಿ ಕಾಫಿ ಕೇಳುದ್ರಲ್ಲ, ಅದುಕ್ಕೇ ಹೇಳ್ದೆ."

ಬೀಗಿತ್ತಿ ಸಾಕಮ್ಮನವರು ಸೆರಗು ಬಾಯಿಗಿಟ್ಟುಕೊಂಡರು. ನಾನು ಎಡಗಾಲು ಮುಂದಿಟ್ಟು ನಡೆದೆ.

ಕಾಡು ನಿಜಕ್ಕೂ ಚೆನ್ನಾಗಿತ್ತು. ಸದ್ದೆಂಬುದೇ ಇಲ್ಲ. ಮುತ್ತುಗದ ಎಲೆಯೊಂದು ಉದುರಿದರೆ ಅದೂ ಕೇಳುತ್ತಿತ್ತು. ಎಲ್ಲೋ ದೂರದಲ್ಲಿ ನವಿಲು ಕೂಗಿ ಸುಮ್ಮನಾಯಿತು. ಅಂಥ ಮೌನದಲ್ಲಿ ಬೀಗರ ಹೊಸ ಚಪ್ಪಲಿ ಹೆಜ್ಜೆಗೊಂದು ಸಲ "ಕೀಂಯ್" ಎನ್ನುತ್ತಿತ್ತು. ನಾನು ಸಿಕ್ಕಿದ ಮರಕ್ಕೆಲ್ಲ ತೋಚಿದ ಹೆಸರಿಟ್ಟು ವಿವರಿಸುತ್ತಾ ನಡೆದೆ. ಒಂದೇ ಜಾತಿಯ ಮರಕ್ಕೆ ಎರಡು ಸಲ ಬೇರೆ ಬೇರೆ ಹೆಸರು ಹೇಳಿದಾಗ ಸಾಕಮ್ಮನವರು ನಿಂತರು. "ಈಗ್ತಾನೆ ಇದ್ನ ತಾರೆ ಅಂದ್ರಿ?"

"ಅದು ಗಂಡು. ಇದು ಹೆಣ್ಣು" ಎಂದುಬಿಟ್ಟೆ. ಆಮೇಲೆ ಅವರು ಏನೂ ಕೇಳಲಿಲ್ಲ. ಗೌರವದಿಂದ ಎಂದು ಭಾವಿಸಿದೆ.

ಗುಡ್ಡದ ನೆತ್ತಿ ತಲುಪಿದಾಗ ಹನ್ನೆರಡು ಗಂಟೆ. ಕೆಳಗೆ ಕಣದಲ್ಲಿ ಶಾಮಿಯಾನದ ಕೆಂಪು ಹಳದಿ ಪಟ್ಟೆ, ಒಲೆಯ ಹೊಗೆ, ಆಚೆಗೆ ಗದ್ದೆ ಬಯಲು. ನಿಂಗೇಗೌಡರು ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದರು. "ಪರವಾಗಿಲ್ಲ ಬೀಗ್ರೇ" ಎಂದರು. ಭಲೇಗೆ ಇನ್ನೊಂದೇ ಮೆಟ್ಟಿಲು!

ಅಷ್ಟರಲ್ಲಿ ಫೋನು. ಜಯಮ್ಮ. "ಎಲ್ಲಿದ್ದೀರಿ? ಮುದ್ದೆಗೆ ಎಸರಿಡಿಸಲಾ?"

"ಇಡಿಸು! ಇಳಿಯೋದಷ್ಟೇ ಬಾಕಿ. ಅರ್ಧ ಗಂಟೆ!"

ಇಳಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಬಂದ ದಾರಿಯಲ್ಲೇ ವಾಪಸಾಗುವುದು ತಿಳಿಯದವರು ಮಾಡುವ ಕೆಲಸ ಎಂದು ನನಗೆ ಆ ಕ್ಷಣದಲ್ಲಿ ಅನ್ನಿಸಿತು. "ಹಿಂದಗಡೆಯಿಂದ ಒಂದು ಅಡ್ಡದಾರಿ ಇದೆ" ಎಂದು ಘೋಷಿಸಿದೆ. ಅಡ್ಡದಾರಿ ಇಪ್ಪತ್ತು ಹೆಜ್ಜೆ ಇತ್ತು. ಆಮೇಲೆ ಬರೀ ಅಡ್ಡ ಉಳಿಯಿತು, ದಾರಿ ಹೋಯಿತು. ಸೀಗೆಮುಳ್ಳಿನ ಪೊದೆ ಬೀಗರ ಹೊಸ ಪಂಚೆಯನ್ನು ಹಿಡಿದುಕೊಂಡಿತು. ನಾನು ಬಿಡಿಸಲು ಹೋದೆ. ಪೊದೆ ನನ್ನ ಅಂಗಿಯನ್ನೂ ಹಿಡಿದುಕೊಂಡಿತು. ಇಬ್ಬರು ಬೀಗರೂ ಒಬ್ಬರನ್ನೊಬ್ಬರು ಅಪ್ಪಿಕೊಂಡಂತೆ ನಿಂತೆವು. ಮದುವೆಯ ಫೋಟೋದಲ್ಲೂ ನಾವು ಅಷ್ಟು ಹತ್ತಿರ ನಿಂತಿರಲಿಲ್ಲ!

"ಅಳ್ಳಾಡ್ಬೇಡಿ ಇಬ್ರೂವೆ" ಎಂದು ಸಾಕಮ್ಮನವರು ಒಂದೊಂದೇ ಮುಳ್ಳು ಬಿಡಿಸಿದರು. ಹೊರಬಂದಾಗ ಪಂಚೆ ಎರಡು ಕಡೆ ಕಿಟಕಿ ತೆರೆದಿತ್ತು.

ಮುಂದೆ ಮರಗಳ ನಡುವೆ ಏನೋ ಫಳಕ್ ಎಂದಿತು. ನೀರು! ನಾಲೆ!

ನಮ್ಮಿಬ್ಬರಿಗೂ ಹೋದ ಜೀವ ಬಂದಂತಾಯಿತು. ಮಂಡ್ಯದ ಕಡೆಯವನಿಗೆ ಕಾಡಿನಲ್ಲಿ ಬೇರೆ ಏನು ಬೇಕು? ಹೊಳಲಿನಲ್ಲಿ ನಾಲೆಯ ಏರಿ ಹತ್ತಿದರೆ ಊರು, ನಾಲೆಯ ತೂಬು ದಾಟಿದರೆ ಇನ್ನೊಂದು ಊರು. ನಾವು ಮನೆಯ ಗುರುತು ಹೇಳುವುದೂ ನಾಲೆಯ ಈಚೆ, ನಾಲೆಯ ಆಚೆ ಎಂದೇ.

"ಇನ್ನೇನು! ನೀರೋದ್ ಕಡೆ ಓದ್ರೆ ಊರು ಸಿಗ್ತದೆ" ಎಂದರು ನಿಂಗೇಗೌಡರು.

"ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದೆ. ಒಂದು ಬಂಡೆಯ ಮೇಲೆ ಕೂತು, ಹೆಗಲ ಟವೆಲ್ಲಿನಿಂದ ಬೆವರೊರೆಸಿ, ಐದು ನಿಮಿಷ ದಣಿವಾರಿಸಿಕೊಂಡೆವು.

ಸಾಕಮ್ಮನವರು ಮಾತ್ರ, "ಅಗೋ ಅಲ್ಲಿ ಮೇಕೆ ಗಂಟೆ ಸದ್ದಾಯ್ತದೆ. ಯಾರ್ನಾರ ಕೇಳಿ ಹೋಗನ" ಎಂದರು.

"ನಾಲೆ ಇರುವಾಗ ದಾರಿ ಕೇಳೋದಾ!" ಎಂದು ಇಬ್ಬರು ಗಂಡಸರೂ ಒಂದೇ ಉಸಿರಿನಲ್ಲಿ ನಕ್ಕೆವು. ನನಗೂ ಬೀಗರಿಗೂ ಒಮ್ಮತ ಮೂಡಿದ್ದು ಅದೇ ಮೊದಲು.

ನಡೆದೆವು. ಬಯಲಿನ ನಾಲೆ ನೇರವಾಗಿ ಹೋಗುತ್ತದೆ. ಗುಡ್ಡದ ನಾಲೆ ಹಾಗಲ್ಲ ಎಂದು ನಮಗೆ ಯಾರೂ ಹೇಳಿರಲಿಲ್ಲ. ಅದು ಗುಡ್ಡದ ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ ಸುತ್ತುತ್ತದೆ. ಒಂದು ಹಳ್ಳ ಸಿಕ್ಕಿದರೆ ಅದರ ಒಳಗೆಲ್ಲ ಹೊಕ್ಕು, ಇನ್ನೊಂದು ಪಕ್ಕದಿಂದ ನಿಧಾನವಾಗಿ ಹೊರಬರುತ್ತದೆ. ನಾಲೆಗೇನು, ಊಟಕ್ಕೆ ಹೊತ್ತಾಗಿದೆಯೇ?

ಒಂದು ಕಾಲಿಗೆ ಫೋನು. "ರೀ, ಮೊದಲ್ನೇ ಸಲದ ಮುದ್ದೆ ಆರೋಯ್ತು! ಜನ ಎಲೆ ಮುಂದೆ ನಿಂತವ್ರೆ!"

"ಶಾಮಿಯಾನ ಕಾಣ್ತಾ ಇದೆ ಕಣೇ. ಐದು ನಿಮಿಷ. ಇನ್ನೊಂದ್ಸಲ ಕೂಡಿಸು!"

ಶಾಮಿಯಾನ ನಿಜಕ್ಕೂ ಕಾಣುತ್ತಿತ್ತು. ಮರುಕ್ಷಣ ನಾಲೆ ತಿರುಗಿತು. ಶಾಮಿಯಾನ ಬೆನ್ನ ಹಿಂದೆ ಹೋಯಿತು. ಹತ್ತು ನಿಮಿಷಕ್ಕೆ ಮತ್ತೆ ಕಂಡಿತು, ಮೊದಲಿಗಿಂತ ಚಿಕ್ಕದಾಗಿ!

ಒಂದೂವರೆಗೆ ಮತ್ತೆ ಫೋನು. ಎರಡನೆಯ ಸಲದ ಮುದ್ದೆಯೂ ಆರಿತ್ತು. "ಬಂದೇಬಿಟ್ವಿ, ಕಟ್ಟಿಸು" ಎಂದೆ. ಸಾಕಮ್ಮನವರು ಫೋನು ಕಸಿದುಕೊಂಡರು. "ಸುಳ್ಳು ಕಣಮ್ಮ ಜಯಮ್ಮ! ಎಲ್ಲಿದ್ದೀವೋ ಆ ಸಿವನ್ಗೇ ಗೊತ್ತು. ನೀವು ಜನುಕ್ಕೆ ಬಡ್ಸಿ..." ಎಂದರು. ನೋಡಿದರೆ ಸಿಗ್ನಲ್ ಆಗಲೇ ಹೋಗಿತ್ತು. ಜಯಮ್ಮನಿಗೆ ಕೇಳಿಸಿದ್ದು ನನ್ನ "ಕಟ್ಟಿಸು" ಮಾತ್ರ ಎಂದು ಆಮೇಲೆ ತಿಳಿಯಿತು. ಮೂರನೆಯ ಸಲ ಮುದ್ದೆ ಕೂಡಿಸಿದರು. ಅಲ್ಲಿಗೆ ರಾಗಿಹಿಟ್ಟು ಮುಗಿಯಿತು.

ನಿಂಗೇಗೌಡರ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಅವರು ಬರಿಗಾಲಲ್ಲಿ ನಡೆಯುತ್ತಿದ್ದರು. ಇನ್ನೊಂದು ಹಳ್ಳದ ಬಾಯಿಗೆ ಬಂದಾಗ ಅವರು ತಟಕ್ಕನೆ ನಿಂತರು. "ಬೀಗ್ರೇ, ಎದ್ರುಗಡೆ ಬಂಡೆ ಮೇಲೆ ಬಿದ್ದಿರದು ನಿಮ್ ಟವಲ್ಲಲ್ವಾ?"

ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಟವೆಲ್ ಇರಲಿಲ್ಲ. ಒಂದು ಗಂಟೆ ನಡೆದು, ಹಳ್ಳಗಳನ್ನೆಲ್ಲ ಸುತ್ತಿ, ದಣಿವಾರಿಸಿಕೊಂಡಿದ್ದ ಬಂಡೆಯಿಂದ ಒಂದು ಕಲ್ಲೆಸೆತದಷ್ಟು ದೂರ ಬಂದು ನಿಂತಿದ್ದೆವು! ನಡುವೆ ಆಳವಾದ ಹಳ್ಳ. ಬಂಡೆಯ ಪಕ್ಕದಲ್ಲಿ ಒಬ್ಬ ಮುದುಕಿ ಮೇಕೆಗಳ ನಡುವೆ ಕೂತು ನಮ್ಮನ್ನೇ ನೋಡುತ್ತಿದ್ದಳು.

"ಏನ್ ಸಾಮಿ, ಗುಡ್ಡುಕ್ಕೆ ಪ್ರದಕ್ಸಿಣೆ ಅರಕೆ ಕಟ್ಕಂಡಿದ್ದೀರಾ?" ಎಂದು ಅಲ್ಲಿಂದಲೇ ಕೂಗಿದಳು.

"ಊರಿಗೆ ದಾರಿ ಯಾವುದಜ್ಜಿ?" ಎಂದೆ. ನನ್ನ ಪೀಪಿ ಊದುವ ಗಂಟಲು ಎಲ್ಲಿ ಹೋಗಿತ್ತೋ.

"ನೀವು ಕುಂತಿದ್ರಲ್ಲ ಈ ಬಂಡೆ, ಇದ್ರ ಇಂದ್ಗಡೆನೇ ದಾರಿ. ಅಳ್ಳ ಇಳ್ದು ಅತ್ತಿ ಬನ್ನಿ. ನಾಲೆ ಇಡ್ಕಂಡು ಓದ್ರೆ ನಾಳಿಕ್ ಸೇರ್ತೀರ!"

ಹಳ್ಳ ಇಳಿದು ಹತ್ತುವಷ್ಟರಲ್ಲಿ ಬೀಗರಿಗೆ ಕಣ್ಣು ಕತ್ತಲಿಟ್ಟಿತು. ಬಂಡೆಗೆ ಒರಗಿ ಕುಸಿದು ಕೂತರು. ನನಗೆ ನಿಜವಾಗಿ ಭಯವಾಯಿತು. ಭಲೇ ಬೇಡ, ಈ ಮನುಷ್ಯ ಎದ್ದು ನಿಂತರೆ ಸಾಕು ಎಂದು ಮನೆದೇವರಿಗೆ ಕೈಮುಗಿದೆ. ಮುದುಕಿ ತನ್ನ ಸ್ಟೀಲ್ ಡಬ್ಬಿ ಬಿಚ್ಚಿದಳು. ಬೆಳಗಿನ ಮುದ್ದೆ, ಉಪ್ಸಾರು, ಒಂದು ಈರುಳ್ಳಿ.

"ಉಣ್ಣಪ್ಪ. ಆರೋಗದೆ. ಏನ್ಮಾಡದು."

ನಿಂಗೇಗೌಡರು ಅರ್ಧ ಮುದ್ದೆ ಮುರಿದು ಅದ್ದಿ ನುಂಗಿದರು. ಇನ್ನರ್ಧವನ್ನು ಸಾಕಮ್ಮನವರಿಗೆ ಕೊಟ್ಟರು. ಈರುಳ್ಳಿಯನ್ನು ಬಂಡೆಯ ಮೇಲೆ ಗುದ್ದಿ ಹಂಚಿಕೊಂಡರು. ಬೀಗರ ಮುಖಕ್ಕೆ ರಕ್ತ ಬಂತು. ನಿಟ್ಟುಸಿರು ಬಿಟ್ಟು, ಮನಸಾರೆ ಹೇಳಿದರು. "ಭಲೇ ಕಣಜ್ಜಿ!"

ಆ ಮಾತಿಗಾಗಿ ಹದಿನೈದು ದಿನದಿಂದ ಕಾದಿದ್ದವನು ನಾನು. ಅದು ನನ್ನ ಕಣ್ಣೆದುರೇ ಮೇಕೆ ಕಾಯುವ ಆ ಮುದುಕಿ ದೇವೀರಮ್ಮನಿಗೆ ಹೋಯಿತು. ನನಗೆ ಉಳಿದದ್ದು ಡಬ್ಬಿಯ ಮುಚ್ಚಳದಲ್ಲಿ ನಾಲ್ಕು ತೊಟ್ಟು ಉಪ್ಸಾರು.

ದೇವೀರಮ್ಮ ಮುಂದೆ, ಅವಳ ಮೇಕೆಗಳು ಹಿಂದೆ, ಮೇಕೆಗಳ ಹಿಂದೆ ನಾವು. ಹತ್ತೇ ನಿಮಿಷಕ್ಕೆ ಕಣ ತಲುಪಿದೆವು. ಎರಡೂವರೆ ಆಗಿತ್ತು. ಹಿರಿಯರು ಕಾದು ಕಾದು, ಅಳಿಯನನ್ನೇ ಅವನಪ್ಪನ ಜಾಗದಲ್ಲಿ ಕೂರಿಸಿ, ಅನ್ನ ಬಾಡಿನಲ್ಲೇ ಪಂಕ್ತಿ ಮುಗಿಸಿದ್ದರು. ಹರಿದ ಪಂಚೆ, ಬರಿಗಾಲಿನ ಬೀಗರನ್ನು ಕಂಡು ನಾಲ್ಕು ನೂರು ಜನ ಎದ್ದು ನಿಂತರು. ಜಯಮ್ಮ ನನ್ನನ್ನು ಅಡುಗೆ ಒಲೆಯ ಹತ್ತಿರ ಕರೆದೊಯ್ದಳು. ಅಲ್ಲಿ ಈಚಲು ಚಾಪೆಯ ಮೇಲೆ ಮೂರು ಸಲದ ಮುದ್ದೆಗಳು, ನನ್ನ ಡ್ರಿಲ್ ಕ್ಲಾಸಿನ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು.

"ಇದು ನಿಮ್ ಅರ್ಧ ಗಂಟೆ. ಇದು ನಿಮ್ ಐದು ನಿಮಿಷ. ಇದು ಬಂದೇಬಿಟ್ವಿ" ಎಂದು ಒಂದೊಂದೇ ಸಾಲು ತೋರಿಸಿದಳು. "ಕೂತ್ಕೊಳ್ಳಿ. ತಿನ್ನಿ."

ಬೀಗರಿಗೆ ಅನ್ನ, ಬಾಡು ಬಡಿಸಿದರು. ಹೊಟ್ಟೆ ತುಂಬಿದೆ ಎಂದು ಅವರು ಎರಡೇ ತುಂಡು ತಿಂದು ಎದ್ದರು. ಎಲೆಯಲ್ಲಿ ಬಾಡು ಬಿಟ್ಟು ಎದ್ದ ಬೀಗರನ್ನು ಆ ಊರು ಅದುವರೆಗೆ ಕಂಡಿರಲಿಲ್ಲವಂತೆ.

ಒಂದು ತಿಂಗಳಿಗೆ ಹೊಳಲಿನಲ್ಲಿ ಅವರ ಕಡೆಯ ಊಟ ಇಟ್ಟುಕೊಂಡರು. ನಿಂಗೇಗೌಡರು ಫೋನು ಮಾಡಿದ್ದು ನನಗಲ್ಲ, ಜಯಮ್ಮನಿಗೆ. "ದೇವೀರಮ್ಮಾರ್ನ ತಪ್ಪದೆ ಕರ್ಕಂಬನ್ನಿ. ಜೊತ್ಗೆ ಬೀಗ್ರನ್ನೂ ಕರ್ಕಂಬನ್ನಿ" ಎಂದರಂತೆ. ಹೋದೆವು. ಮೊದಲ ಪಂಕ್ತಿಯ ಮೊದಲ ಎಲೆಗೆ ದೇವೀರಮ್ಮನನ್ನು ಕೂರಿಸಿ, ಹಬೆಯಾಡುವ ಮುದ್ದೆಯನ್ನು ನಿಂಗೇಗೌಡರೇ ಕೈಯಾರೆ ಹಾಕಿದರು. ನಾನೂ ಏನಾದರೂ ಬಡಿಸುತ್ತೇನೆ ಎಂದು ಪಂಚೆ ಎತ್ತಿ ಕಟ್ಟಿದೆ. ಸಾಕಮ್ಮನವರು ಉಪ್ಪಿನ ತಟ್ಟೆ ಕೈಗಿತ್ತರು. "ಸಾಲು ನೆಟ್ಟಗದೆ. ಈ ತುದಿಯಿಂದ ಆ ತುದಿಗೆ ಓಗಿ, ಅಷ್ಟೆ" ಎಂದರು.

ಹೋದೆ. ಉದ್ದಕ್ಕೂ ಎಲೆಯ ತುದಿಗೆ ಚಿಟಿಕೆ ಚಿಟಿಕೆ ಉಪ್ಪು ಹಾಕುತ್ತಾ ಹೋದೆ. ಕೊನೆಗೆ ಹಿರಿಯರೊಬ್ಬರು ತಲೆಯೆತ್ತಿ ನೋಡಿ, ಕೈ ಅಡ್ಡ ಹಿಡಿದರು.

"ಸಾಕು ಬುಡಿ ಸಾಮಿ. ನನ್ಗೆ ನೀವು ಆಕ್ತಿರದು ಇದು ಮೂರ್ನೇ ಸಲ."