ಟೇಲರ್ ಅಂಗಡಿಯ ಬೆಟ್ಟಾ ಸಂಸಾರ

ಯಲ್ಲಾಪುರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ, ಪಕ್ಕದಲ್ಲಿ ಒಬ್ಬ ಟೇಲರ್. ನಡುವೆ ಬರೀ ಹಲಗೆಯ ಗೋಡೆ. ಹಾಗಾಗಿ ವಾರಕ್ಕೊಂದಾದರೂ ಅಲ್ಲಿ ನಡೆಯುವ ಎಡವಟ್ಟಿನಲ್ಲಿ ನನ್ನ ಪಾಲು ಇದ್ದೇ ಇರುತ್ತದೆ.

ಅವರಿಗೆ ಕಾಡು ಬೆಟ್ಟಾ ಮೀನಿನ ಹುಚ್ಚು. ಪೇಟೆಯಲ್ಲಿ ಬಾಟಲಿಗೆ ಹಾಕಿ ಮಾರುವ ಬಣ್ಣಬಣ್ಣದ ಫೈಟರ್ ಅಲ್ಲ, ಅದರ ಕಾಡಿನ ದಾಯಾದಿಗಳು. ಬೋರ್ನಿಯೋ ದ್ವೀಪದ ಕಡೆಯ ಅಪರೂಪದ ಒಂದು ಜೋಡಿಯನ್ನು ಎಷ್ಟೋ ಕಷ್ಟಪಟ್ಟು ತರಿಸಿಕೊಂಡಿದ್ದರು. ಗಂಡಿನ ಕೆಂಪು ರೆಕ್ಕೆಗೆ ಕಪ್ಪು ಪಟ್ಟಿ, ಅದರಾಚೆ ಬಿಳಿ ಅಂಚು. "ಇಂಥಾ ಅಂಚು ಕಟ್ಟೂಕೆ ನನ್ನ ಕೈಯಲ್ಲಿ ಆಗೂದಿಲ್ಲ" ಎನ್ನುತ್ತಿದ್ದರು. ಮೂವತ್ತು ವರ್ಷ ಹೊಲಿದ ಮನುಷ್ಯ ಹಾಗೆನ್ನುವಾಗ ನನಗೆ ಮೀನಿಗಿಂತ ಅವರ ಮೇಲೇ ಗೌರವ ಬರುತ್ತಿತ್ತು. ಆ ಜೋಡಿ ಒಮ್ಮೆಯಾದರೂ ಮರಿ ಮಾಡಬೇಕು, ಅದೊಂದೇ ಅವರ ಆಸೆ.

ನನ್ನ ಉಪಕಾರ

ಒಮ್ಮೆ ಅವರು ಒಣಗಿದ ಕಾಡುಬಾದಾಮಿ ಎಲೆ ತರಲು ಅರಬೈಲ್ ಘಟ್ಟದ ಕಡೆ ಹೋದರು. ಅಂಗಡಿ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಅಲ್ಲಿ ಸಾಲಾಗಿಟ್ಟ ಮೀನಿನ ಟ್ಯಾಂಕುಗಳ ನೀರು ನೋಡಿದರೆ ಹಾಲಿಲ್ಲದ ಚಹಾ, ತಳದಲ್ಲಿ ಕೊಳೆತ ಎಲೆ. ಪಾಪ, ಇವರಿಗೆ ಪುರುಸೊತ್ತಿಲ್ಲ ಎಂದುಕೊಂಡು ಒಂದು ಟ್ಯಾಂಕಿನ ಎಲೆ ಎಸೆದು, ನೀರು ಬದಲಿಸಿ, ಗಾಜು ತಿಕ್ಕಿ ಫಳಫಳ ಮಾಡಿಟ್ಟೆ. ಈ ಮೀನುಗಳಿಗೆ ಆ ಎಲೆಯ ಕಂದು ನೀರೇ ಬೇಕು, ಅದಕ್ಕಾಗಿಯೇ ಅವರು ಅಷ್ಟು ದೂರ ಹೋದದ್ದು ಎಂದು ನನಗೇನು ಗೊತ್ತು!

ಪುಣ್ಯಕ್ಕೆ ಮೀನು ಸಾಯಲಿಲ್ಲ. ಟೇಲರ್ ಬಯ್ಯಲೂ ಇಲ್ಲ. ತಂದ ಎಲೆಯ ಚೀಲ ಕೆಳಗಿಟ್ಟು ಮೆಲ್ಲಗೆ ಕೇಳಿದರು: "ನಾನು ನಿಮ್ಮನೆಗೆ ಬಂದು, ಸಾರಿನಲ್ಲಿದ್ದ ಹುಳಿ, ಖಾರ ಎಲ್ಲಾ ತೊಳೆದು ಚೊಕ್ಕ ಮಾಡಿಟ್ರೆ ಅಡ್ಡಿಲ್ವಾ?"

ನಂದೊಳ್ಳಿಯಲ್ಲಿ ಹುಡುಕಾಟ

ಬೆಟ್ಟಾದ ದೂರದ ನೆಂಟನಾದ ಪುಟ್ಟ ಮೀನೊಂದು ನಮ್ಮ ಗದ್ದೆಗಳ ಕಡೆಯೂ ಇರಬಹುದು ಎಂದು ಅವರಿಗೆ ಯಾರೋ ಹೇಳಿದರು. ಭಾನುವಾರ ನನ್ನನ್ನೂ ಎಳೆದುಕೊಂಡು ನಂದೊಳ್ಳಿಗೆ ಹೋದರು. ಗದ್ದೆಯಂಚಿನ ಕಾಲುವೆಯಲ್ಲಿ ಇಬ್ಬರೂ ಮೊಣಕಾಲು ನೀರಿನಲ್ಲಿ ಬಗ್ಗಿ ಹುಲ್ಲು ಸರಿಸುತ್ತಿದ್ದೆವು.

ದಾರಿಯಲ್ಲಿ ಹೋಗುತ್ತಿದ್ದ ರೈತರೊಬ್ಬರು ನೋಡಿದರು. ಏನು ಎತ್ತ ಎಂದು ಕೇಳದೆ ಪಂಚೆ ಎತ್ತಿ ಕಟ್ಟಿ ತಾವೂ ಇಳಿದರು. ಇನ್ನಿಬ್ಬರು ಬಂದರು, ಅವರೂ ಇಳಿದರು. ನಮ್ಮ ಕಡೆ ಜನ ಹಾಗೆಯೇ, ಕೆಲಸಕ್ಕೆ ಮೊದಲು ಕೈ ಹಾಕುತ್ತಾರೆ, ಕಾರಣ ಆಮೇಲೆ. ಒಂದು ತಾಸಾದ ಮೇಲೆ ಟೇಲರ್ "ಸಿಕ್ತು" ಎಂದರು. ಎಲ್ಲರೂ ಓಡಿ ಬಂದರು. ಬಂಗಾರದ ಸರ ಬಿದ್ದಿದೆ ಎಂದೇ ಅವರೆಲ್ಲ ಹುಡುಕುತ್ತಿದ್ದದ್ದು! ನೋಡಿದರೆ ಟೇಲರ್ ಅಂಗೈಯ ನೀರಿನಲ್ಲಿ ಉಗುರಿಗಿಂತ ಸ್ವಲ್ಪ ದೊಡ್ಡ ಮೀನು. ಮೊದಲು ಇಳಿದ ರೈತರು ಅದನ್ನೂ ನಮ್ಮನ್ನೂ ನೋಡಿದರು.

"ಇದನ್ನ ಕಳಕೊಂಡವರು ಯಾರು ಮಾರಾಯ್ರೆ?"

ಗಂಡಿನ ಬಾಣಂತನ

ಬೋರ್ನಿಯೋ ಜೋಡಿ ಮೂರನೆಯ ಸಲ ಮೊಟ್ಟೆ ಇಟ್ಟಿತು. ಇವುಗಳಲ್ಲಿ ಹೆಣ್ಣು ಮೊಟ್ಟೆ ಇಟ್ಟು ಕೈತೊಳೆದುಕೊಳ್ಳುತ್ತದೆ. ಗಂಡು ಅಷ್ಟನ್ನೂ ಬಾಯಲ್ಲಿ ಇಟ್ಟುಕೊಂಡು, ಏನೂ ತಿನ್ನದೆ, ಎರಡು ವಾರ ಕಾಯುತ್ತದೆ. ಬಾಯ್ತುಂಬ ಎಲೆಯಡಿಕೆ ಕವಳ ತುಂಬಿಕೊಂಡವರ ಹಾಗೆ ಗಲ್ಲ ಉಬ್ಬಿಸಿ ಮೂಲೆಯಲ್ಲಿ ನಿಂತಿತ್ತು. ಹೆದರಿದರೆ ಎಲ್ಲ ನುಂಗಿಬಿಡುತ್ತದೆ. ಹಿಂದೆ ಎರಡು ಸಲ ಹೊಲಿಗೆ ಯಂತ್ರದ ಅದುರಾಟಕ್ಕೆ ಹೆದರಿ ನುಂಗಿತ್ತು.

ಈ ಸಲ ಟೇಲರ್ ಯಂತ್ರವನ್ನೇ ನಿಲ್ಲಿಸಿದರು, ಅದೂ ಮದುವೆ ಸೀಸನ್ನಿನಲ್ಲಿ. ಯಂತ್ರ ಸರಿಸೋಣವೆಂದರೆ ನನ್ನ ಅಂಗಡಿಯಲ್ಲೋ ಲೋಟ ಇಡಲೂ ಜಾಗವಿಲ್ಲ. ಮೆಟ್ಟಿಲ ಮೇಲೆ ಕೂತು ಮದುಮಗಳ ರವಿಕೆಗಳನ್ನು ಕೈಯಲ್ಲೇ ಹೊಲಿಯತೊಡಗಿದರು. ಅಷ್ಟು ಸಣ್ಣ, ನೇರ ಹೊಲಿಗೆ ನಾನಂತೂ ಕಂಡಿಲ್ಲ.

ಆದರೆ ಕಿರವತ್ತಿಯಿಂದ ಬಂದ ಮದುಮಗಳ ಅಜ್ಜಿ ಹೊಲಿಗೆ ನೋಡಲಿಲ್ಲ, ನಿಂತ ಯಂತ್ರ ನೋಡಿದರು. ಮದುವೆ ಹತ್ತಿರ ಬಂತು, ಬಟ್ಟೆ ವಾಪಸ್ ಕೊಡಿ ಎಂದು ಜೋರು ಮಾಡಿದರು. ಟೇಲರ್ ಬೆರಳು ತುಟಿಗಿಟ್ಟು, ಒಳಗೆ ಬಾಣಂತನ ಎಂದರು. ಅಜ್ಜಿಯ ದನಿ ತಟ್ಟನೆ ಇಳಿಯಿತು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಾಣಂತಿ ಎಲ್ಲಿ ಎಂದು ಹುಡುಕಿದರು. ಟೇಲರ್ ಟ್ಯಾಂಕ್ ತೋರಿಸಿ ಎಲ್ಲ ವಿವರಿಸಿದರು.

"ಗಂಡಸೇನ್ರಿ ಇದು?" ಅಜ್ಜಿ ನಂಬಲಿಲ್ಲ. "ಉಣ್ಣಂಗಿಲ್ಲ, ಬಾಯಿ ತೆಗಿಯಂಗಿಲ್ಲ, ಮಕ್ಕಳ್ನ ಹೊತ್ಕೊಂಡು ನಿಂತಾನ?"

ಹೌದು ಎಂದರು ಟೇಲರ್. ಅಜ್ಜಿ ಗಾಜಿನ ಹತ್ತಿರ ಬಗ್ಗಿ ಇನ್ನೊಮ್ಮೆ ನೋಡಿ, ರವಿಕೆ ನಿಧಾನಕ್ಕೆ ಆಗಲಿ ಎಂದು ಹೊರಟುಹೋದರು.

ಅದಾದ ಐದನೆಯ ದಿನ ಮತ್ತೆ ಬಂದರು, ಜೊತೆಗೆ ಮದುಮಗ. ಅದೇ ಬೆಳಿಗ್ಗೆ ಗಂಡು ಮೀನು ಮರಿಗಳನ್ನು ಒಂದೊಂದಾಗಿ ಬಾಯಿಂದ ಹೊರಗೆ ಬಿಡುತ್ತಿತ್ತು. ಟೇಲರ್ ಕಣ್ಣೊರೆಸಿಕೊಳ್ಳುತ್ತಿದ್ದರು. ಗಿರಾಕಿ ಬಂದರಲ್ಲ ಎಂದು ಟೇಲರ್ ಅವಸರದಿಂದ ಟೇಪು ಹಿಡಿದು ಮದುಮಗನ ಭುಜದ ಅಳತೆಗೆ ಹೋದರು.

ಅಜ್ಜಿ ಅವರನ್ನು ತಡೆದು, ಮದುಮಗನನ್ನು ಟ್ಯಾಂಕಿನ ಮುಂದೆ ಸ್ಟೂಲಿನ ಮೇಲೆ ಕೂರಿಸಿದರು. "ಅಂಗಿ ಬ್ಯಾಡ್ರಿ ಇವ್ರಿಗೆ. ಸುಮ್ನ ಒಂದ್ ತಾಸು ಇದನ್ನ ನೋಡ್ಲಿ."