ಓಟ್‌ಕೇಕಿಗೆ ಒಗ್ಗರಣೆ

ತಿಂಡಿ ತೀರ್ಥದ ವಿಷಯದಲ್ಲಿ ನಾನು ಇದುವರೆಗೆ ಯಾರಿಗೂ ನಿಜ ಹೇಳಿದವನಲ್ಲ. ಹೆಣ್ಣು ನೋಡಲು ಹೋದ ದಿನ ತಳ ಹಿಡಿದ ಕೇಸರಿಬಾತನ್ನು ಬಾಯ್ತುಂಬ ಹೊಗಳಿ ಎರಡನೆಯ ಸಲ ಹಾಕಿಸಿಕೊಂಡವನು ನಾನು. ಅದನ್ನು ಮಾಡಿದ್ದು ಹುಡುಗಿಯಲ್ಲ, ಅವಳ ಸೋದರತ್ತೆ ಎಂದು ಗೊತ್ತಾದದ್ದು ಮದುವೆಯಾದ ಮೇಲೆ. ಮೈಸೂರು ಕಡೆಯ ನಮ್ಮಂಥವರ ಮನೆಗಳಲ್ಲಿ ಇದನ್ನು ಸುಳ್ಳು ಎನ್ನುವುದಿಲ್ಲ, ಉಪಚಾರ ಎನ್ನುತ್ತಾರೆ. ಬಡಿಸುವವರು ‘ಇನ್ನೊಂಚೂರು’ ಅನ್ನಬೇಕು, ಉಣ್ಣುವವರು ಎಲೆಗೆ ಎರಡೂ ಕೈ ಅಡ್ಡ ಹಿಡಿದು ‘ಸಾಕು ಸಾಕು’ ಅನ್ನಬೇಕು, ಬಡಿಸುವವರು ಆ ಬೆರಳ ಸಂದಿಯಲ್ಲೇ ಒಂದು ಸೌಟು ಸುರಿಯಬೇಕು. ಯಾರೂ ಯಾರ ಮಾತನ್ನೂ ನಂಬುವುದಿಲ್ಲವಾದ್ದರಿಂದ ಎಲ್ಲರ ಹೊಟ್ಟೆಯೂ ತುಂಬುತ್ತದೆ. ಈ ವಿದ್ಯೆಯನ್ನು ಸಿಂಗಪುರಕ್ಕೆ ಹೊತ್ತು ತಂದದ್ದೇ ನನ್ನ ತಪ್ಪು.

ಚಾಂಗಿ ಬಿಸಿನೆಸ್ ಪಾರ್ಕಿನ ಒಂದು ಬ್ಯಾಂಕಿನಲ್ಲಿ ನನಗೆ ಕೆಲಸ. ನಮ್ಮ ಮೇಲಧಿಕಾರಿ ಡಂಕನ್ ಸ್ಕಾಟ್ಲೆಂಡಿನವರು. ಒಮ್ಮೆ ರಜೆ ಮುಗಿಸಿ ಬರುವಾಗ ಒಂದು ತಗಡಿನ ಡಬ್ಬಿ ತಂದು ಆಫೀಸಿನಲ್ಲಿ ಕಾಫಿ ಕುಡಿಯುವ ಪ್ಯಾಂಟ್ರಿಯಲ್ಲಿ ಇಟ್ಟರು. ‘ಓಟ್‌ಕೇಕ್. ನಮ್ಮ ಅಮ್ಮನೇ ಮಾಡಿದ್ದು’ ಅಂದರು. ನೋಡಲು ಥೇಟ್ ನಿಪ್ಪಟ್ಟು; ಅದೇ ನನಗೆ ಮುಳುವಾಯಿತು. ಆಸೆಯಿಂದ ಇಡೀ ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡೆ. ಖಾರವಿಲ್ಲ, ಕಡಲೆಬೀಜವಿಲ್ಲ, ಕರಿಬೇವಿನ ಸುಳಿವಿಲ್ಲ. ಓಟ್ಸನ್ನು ತಟ್ಟಿ ಒಣಗಿಸಿದರೆ ಏನು ರುಚಿ ಬರಬೇಕೋ ಅಷ್ಟೇ ಬಂದಿತ್ತು. ಬಾಯಲ್ಲಿದ್ದ ನೀರನ್ನೆಲ್ಲ ಅದೇ ಹೀರಿಕೊಂಡಿತು. ಡಂಕನ್ ನನ್ನ ಮುಖ ನೋಡುತ್ತ ನಿಂತಿದ್ದರು. ವರ್ಷದ ಕೆಲಸವನ್ನು ತೂಗಿ ನೋಡುವ ಅಪ್ರೈಸಲ್‌ಗೆ ಮೂರು ತಿಂಗಳಿತ್ತು. ಆರು ವರ್ಷಗಳಿಂದ ನಾನು ಕಣ್ಣಿಟ್ಟಿದ್ದ ಮ್ಯಾನೇಜರ್ ಕುರ್ಚಿ ಆ ವರ್ಷ ಖಾಲಿಯಾಗುವುದರಲ್ಲಿತ್ತು.

ಅದ್ಭುತವಾಗಿದೆ ಅಂದೆ. ನನ್ನ ಹೆಂಡತಿ ಮಗಳಿಗಂತೂ ಇಂಥದ್ದೆಂದರೆ ಪ್ರಾಣ ಅಂದೆ. ಅವರ ಮುಖ ಅರಳಿತು, ಡಬ್ಬಿಯನ್ನೇ ನನ್ನ ಮುಂದೆ ಹಿಡಿದರು. ರೂಢಿಯಂತೆ ಎರಡು ಸಲ ‘ಬೇಡ ಬೇಡ’ ಅಂದೆ. ಅವರು ಡಬ್ಬಿಯನ್ನು ಹಿಂದಕ್ಕೆ ತೆಗೆದುಕೊಳ್ಳತೊಡಗಿದರು. ನಮ್ಮ ಕಡೆ ಹಾಗೆಲ್ಲ ಯಾರೂ ಮಾಡುವುದಿಲ್ಲ. ಹೊಗಳಿಕೆ ಸುಳ್ಳೆಂದು ತಿಳಿದುಬಿಟ್ಟರೆ ಎಂಬ ಗಾಬರಿಯಲ್ಲಿ ನಾನೇ ಕೈಹಾಕಿ ಕಿತ್ತುಕೊಂಡೆ.

ಟೋವಾ ಪಾಯೋ ಬಡಾವಣೆಯ ನಮ್ಮ ಮನೆಯಲ್ಲಿ ಅಂದಿನಿಂದ ಪ್ರಯೋಗಗಳು ಶುರುವಾದವು. ಚೀಸ್ ಇಟ್ಟು ತಿನ್ನಬೇಕು, ಇಲ್ಲವೇ ಬೆಣ್ಣೆ ಜಾಮ್ ಹಚ್ಚಬೇಕು, ಸೂಪಿನ ಜೊತೆಗೂ ಆಗುತ್ತದೆ ಎಂದು ಡಂಕನ್ ಹೇಳಿಕೊಟ್ಟಿದ್ದರು. ನನ್ನ ಹೆಂಡತಿ ಶೈಲಜಾ ಚೀಸ್ ಇಟ್ಟು ಒಂದು ಕಚ್ಚಿ, “ರೀ, ಚೀಸ್ ಸುಮ್ನೆ ವೇಸ್ಟ್ ಆಯ್ತು” ಅಂದಳು. ರಸ್ಕಿನಂತೆ ಕಾಫಿಯಲ್ಲಿ ಅದ್ದಿ ನೋಡಿದೆ. ರಸ್ಕ್ ನೆನೆದು ಮರ್ಯಾದೆಯಾಗಿ ಹಿಂದಿರುಗುತ್ತದೆ. ಇದು ಒಳಗೇ ಉದುರಿ ತಳ ಸೇರಿತು. ಕೊನೆಯ ಗುಟುಕನ್ನು ಚಮಚದಲ್ಲಿ ಬಾಚಿ ತಿಂದೆ. ತರಿಯಾಗಿ ಪುಡಿಮಾಡಿ ಹುಣಿಸೆರಸದಲ್ಲಿ ನೆನೆಸಿ ಗೊಜ್ಜವಲಕ್ಕಿಯಂತೆ ಒಗ್ಗರಣೆ ಹಾಕಿದಾಗ ಆದದ್ದನ್ನು ಗೋಡೆಗೆ ಕ್ಯಾಲೆಂಡರ್ ಅಂಟಿಸಲು ಬಳಸಬಹುದಿತ್ತು. ಕೊನೆಗೆ ಕಾವಲಿಯ ಮೇಲೆ ಬಿಸಿ ಮಾಡಿ, ತುಪ್ಪ ಸವರಿ, ಮೇಲೆ ಚಟ್ನಿಪುಡಿ ಉದುರಿಸಿದಾಗ ಪರವಾಗಿಲ್ಲ ಅನ್ನಿಸಿತು. ತುಪ್ಪ ಚಟ್ನಿಪುಡಿ ಇದ್ದರೆ ನಾನು ಆ ಡಬ್ಬಿಯ ಮುಚ್ಚಳವನ್ನೂ ತಿನ್ನುತ್ತೇನೆ, ಅದು ಬೇರೆ ಮಾತು.

ಕಾಂಡೋ ಎಂಬ ದುಬಾರಿ ಅಪಾರ್ಟ್‌ಮೆಂಟುಗಳಲ್ಲಿರುವ ನಮ್ಮ ಕನ್ನಡದ ಗೆಳೆಯರೆಲ್ಲ ಓಟ್ಸ್ ಭಕ್ತರು. ಇನ್ನು ಚಿಂತೆಯಿಲ್ಲ ಎಂದುಕೊಂಡು ಅವರನ್ನೊಮ್ಮೆ ಚಹಾಕ್ಕೆ ಕರೆದೆ. ತಲಾ ಒಂದೊಂದು ತಿಂದರು, ಫೈಬರಿನ ಮಹಿಮೆಯನ್ನು ಅರ್ಧ ಗಂಟೆ ಕೊಂಡಾಡಿದರು, ಆಮೇಲೆ ಶೈಲಜಾ ಒಳಗೆ ಬಚ್ಚಿಟ್ಟಿದ್ದ ಕೋಡುಬಳೆಯನ್ನು ವಾಸನೆ ಹಿಡಿದು ಹೊರಗೆ ತರಿಸಿ ಖಾಲಿ ಮಾಡಿ ಹೋದರು.

‘ಮನೆಯವರಿಗೆ ಹಿಡಿಸಿತೇ?’ ಎಂದು ಡಂಕನ್ ಕೇಳಿದಾಗ, ‘ಅವತ್ತೇ ಮುಗಿದುಹೋಯಿತು’ ಅಂದುಬಿಟ್ಟೆ. ಎರಡನೆಯ ಡಬ್ಬಿ ಅಂಚೆಯಲ್ಲಿ ಬಂತು. ಮೂರನೆಯದು ಬಂದಾಗ ಹನ್ನೆರಡು ವರ್ಷದ ಮಗಳು ಅನಘಾ ತಲೆ ಚಚ್ಚಿಕೊಂಡು ಸಿಂಗಪುರದ ಇಂಗ್ಲಿಷಿನಲ್ಲಿ ಅಂದಳು. “ಅಪ್ಪಾ, ಜಸ್ಟ್ ಟೆಲ್ ಹಿಮ್ ಲಾ. ವೈ ಸೋ ಡಿಫಿಕಲ್ಟ್?”

“ಅಪ್ರೈಸಲ್ ಒಂದು ಮುಗೀಲಿ ಪುಟ್ಟಿ” ಅಂದೆ.

ಅಪ್ರೈಸಲ್‌ಗೆ ಎರಡು ವಾರವಿದ್ದಾಗ ಡಂಕನ್, ‘ನೀವು ಇದನ್ನು ಮನೆಯಲ್ಲಿ ಹೇಗೆ ತಿನ್ನುತ್ತೀರೆಂದು ನೋಡುವ ಆಸೆ’ ಅಂದರು. ಶನಿವಾರ ಸಂಜೆ ಐದಕ್ಕೆ ಬಂದೇಬಿಟ್ಟರು. ಶೈಲಜಾ ನನ್ನನ್ನು ಬೈಯುತ್ತಲೇ ಮೂರು ಬಗೆ ಮಾಡಿದ್ದಳು. ತುಪ್ಪ ಚಟ್ನಿಪುಡಿಯದು ಒಂದು. ಪುಡಿಮಾಡಿ ಈರುಳ್ಳಿ, ಕ್ಯಾರೆಟ್, ಹಸಿಮೆಣಸಿನಕಾಯಿ, ನಿಂಬೆರಸ ಸೇರಿಸಿದ ಚುರುಮುರಿ ಇನ್ನೊಂದು. ವಡೆಯ ಜಾಗದಲ್ಲಿ ಇದನ್ನೇ ಮುಳುಗಿಸಿ ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟ ಮೊಸರಿನದು ಮತ್ತೊಂದು. ಮೊದಲ ಸುತ್ತನ್ನು ಡಂಕನ್ ಖುಷಿಯಿಂದಲೇ ತಿಂದು ಸಾಕು ಅಂದರು. ಶೈಲಜಾ ನನ್ನ ಕಡೆ ತಿರುಗಿ, “ಪಾಪ, ಸಂಕೋಚ ಅವ್ರಿಗೆ. ಪ್ಲೇಟ್ ನೋಡಿ, ಎಷ್ಟು ಕ್ಲೀನಾಗಿದೆ” ಎಂದು ಮತ್ತೆ ಬಡಿಸಿದಳು. ತಟ್ಟೆಯಲ್ಲಿ ಬಿಡಬಾರದೆಂಬುದು ಅವರ ಅಮ್ಮ ಕಲಿಸಿದ ಪಾಠ; ಖಾಲಿ ತಟ್ಟೆಯನ್ನು ಹಾಗೇ ಬಿಡಬಾರದೆಂಬುದು ನನ್ನ ಅತ್ತೆ ತಮ್ಮ ಮಗಳಿಗೆ ಕಲಿಸಿದ ಪಾಠ. ಅವರು ಮುಗಿಸಿದಷ್ಟೂ ಇವಳು ಬಡಿಸಿದಳು. ಇವಳು ಬಡಿಸಿದಷ್ಟೂ ಅವರು ಮುಗಿಸಿದರು. ಐದನೆಯ ಸುತ್ತಿಗೆ ಅವರ ಮುಖ ಕೆಂಪಾಗಿ, ಹಣೆಯಿಂದ ಬೆವರು ಇಳಿಯತೊಡಗಿತು.

ಕೊನೆಗೆ ಅವರು ತಟ್ಟೆ ಕೆಳಗಿಟ್ಟು, ಧ್ವನಿ ತಗ್ಗಿಸಿ, ‘ನಿಮಗೊಂದು ನಿಜ ಹೇಳಬೇಕು’ ಅಂದರು. ‘ಚಿಕ್ಕಂದಿನಿಂದಲೂ ನನಗೆ ಓಟ್‌ಕೇಕ್ ಸೇರುವುದಿಲ್ಲ. ಅಮ್ಮ ಕಳಿಸುತ್ತಲೇ ಇರುತ್ತಾರೆ, ಹೇಳಲು ಧೈರ್ಯವಿಲ್ಲ. ಎಸೆಯಲೂ ಮನಸ್ಸು ಬರುವುದಿಲ್ಲ. ನಿಮ್ಮಂಥ ಒಂದು ಕುಟುಂಬ ಸಿಕ್ಕಿತಲ್ಲ, ಅದೇ ನನ್ನ ಪುಣ್ಯ.’

ಶೈಲಜಾ ನನ್ನನ್ನು ಮೊಣಕೈಯಿಂದ ತಿವಿದು, “ಈಗ್ಲಾದ್ರೂ ಹೇಳ್ಬಿಡ್ರೀ” ಅಂದಳು. ನಿಜ ಹೇಳಲು ಬಾಗಿಲು ತಾನಾಗಿ ತೆರೆದುಕೊಂಡಿತ್ತು. ಡಂಕನ್ ನಾನು ಇಬ್ಬರೂ ನಕ್ಕು, ಡಬ್ಬಿ ಮುಚ್ಚಿ, ಕಾಫಿ ಕುಡಿಯಬಹುದಿತ್ತು. ನಾನು ಗಂಟಲು ಸರಿಮಾಡಿಕೊಂಡು, ‘ಏನೂ ಯೋಚನೆ ಮಾಡಬೇಡಿ. ನಿಮ್ಮ ಪಾಲನ್ನೂ ನಾವೇ ತಿನ್ನುತ್ತೇವೆ’ ಅಂದೆ.

ಅವರಿಗೆ ಕಣ್ಣು ತುಂಬಿ ಬಂತು. ಹಸಿಮೆಣಸಿನಕಾಯಿಯದೂ ಸ್ವಲ್ಪ ಪಾಲಿರಬಹುದು. ಆ ಕ್ಷಣವೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದರು. ಅಲ್ಲಿ ಇನ್ನೂ ಬೆಳಿಗ್ಗೆ. ಎಂಬತ್ತು ದಾಟಿದ ಆಕೆ ಹಿಟ್ಟು ಮೆತ್ತಿದ ಕೈಗಳಲ್ಲೇ ಫೋನ್ ಹಿಡಿದು, ತಾನು ಮಾಡಿದ್ದನ್ನು ಅಷ್ಟು ದೂರದಲ್ಲಿ ಇಷ್ಟಪಟ್ಟು ತಿನ್ನುವವರಿದ್ದಾರೆಂದು ನೆರೆಯವರಿಗೆಲ್ಲ ಹೇಳಿಕೊಂಡಿರುವುದಾಗಿ ತಿಳಿಸಿದರು. ಆ ಸಂತೋಷ ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಇನ್ನು ಮೇಲೆ ಎರಡೆರಡು ಡಬ್ಬಿ ಕಳಿಸುತ್ತೇನೆ ಅಂದರು. ‘ಬೇಡ ಬೇಡ’ ಅಂದೆ, ಈ ಸಲ ಮನಃಪೂರ್ವಕವಾಗಿ. ಆಕೆ ಕಿವಿಗೇ ಹಾಕಿಕೊಳ್ಳಲಿಲ್ಲ. ನಮ್ಮ ಕಡೆ ಹುಟ್ಟಬೇಕಾಗಿದ್ದ ಹೆಂಗಸು.

ಅಪ್ರೈಸಲ್ ದಿನ ಡಂಕನ್ ಎದುರು ಕೂರಿಸಿಕೊಂಡು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಮ್ಯಾನೇಜರ್ ಹುದ್ದೆ ಬೇರೆಯವರಿಗೆ ಹೋಗಿತ್ತು. ಕಾರಣವನ್ನೂ ಬರೆದಿದ್ದರು: ಕೆಲಸದಲ್ಲಿ ಕುಂದಿಲ್ಲ, ಆದರೆ ಯಾವ ಗಡುವಿಗೂ, ಯಾರಿಗೂ ‘ಆಗುವುದಿಲ್ಲ’ ಅನ್ನುವುದಿಲ್ಲ, ಎದುರಿಗಿರುವವರಿಗೆ ಹಿತವಲ್ಲದ ಸತ್ಯವನ್ನು ಹೇಳುವ ಧೈರ್ಯ ಇನ್ನೂ ಬರಬೇಕು. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಬರೆದವರು ಯಾರು? ಐವತ್ತು ವರ್ಷದಿಂದ ಹೆತ್ತ ತಾಯಿಗೆ ಒಂದು ಓಟ್‌ಕೇಕಿನ ವಿಷಯ ಹೇಳಲಾರದವರು. ಇದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿಯೇ ಬಿಡಬೇಕೆಂದು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅಷ್ಟರಲ್ಲಿ ಅವರೇ, ‘ನಾನು ಬರೆದಿರುವುದನ್ನು ನೀವು ಒಪ್ಪುತ್ತೀರಾ?’ ಎಂದು ಕೇಳಿದರು.

‘ಅಕ್ಷರ ಅಕ್ಷರವೂ ಸರಿ’ ಅಂದೆ. ‘ತುಂಬ ಚೆನ್ನಾಗಿ ಬರೆದಿದ್ದೀರಿ.’