ಚಾಂದನಿಯ ಚೊಚ್ಚಲ ಬಾಣಂತನ

ಕೇಳದವರಿಗೂ ಸಲಹೆ ಕೊಡುವುದು ನನ್ನ ಸ್ವಭಾವ. ಇದು ಚಟ ಎಂದು ನನ್ನ ಹೆಂಡತಿ ಸರೋಜಾ ಹೇಳುತ್ತಾಳೆ; ನಾನು ಸಮಾಜಸೇವೆ ಎಂದುಕೊಂಡಿದ್ದೇನೆ. ಬೆಟಗೇರಿಯಲ್ಲಿ ನನ್ನದೊಂದು ಹಳೆಯ ಕಟ್ಟಿಗೆ ಸಾಮಾನಿನ ಅಂಗಡಿ ಇದೆ. ಸುತ್ತಲಿನ ಊರುಗಳಲ್ಲಿ ಯಾರಾದರೂ ಮಣ್ಣಿನ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಲು ಹೊರಟರೆ ಅವರ ಬಾಗಿಲು, ಕಿಟಕಿ, ಕಂಬ, ಕಪಾಟುಗಳೆಲ್ಲ ನನ್ನ ಅಂಗಡಿಯ ದಾರಿ ಹಿಡಿಯುತ್ತವೆ. ಒಂದು ಮುರುಕು ಕಿಟಕಿಯಿಂದ ಶುರು ಮಾಡಿದವನು ನಾನು. ಈಗ ಮುಂದೆ ಅಂಗಡಿ, ಹಿಂದೆ ಮನೆ, ಪಕ್ಕದಲ್ಲಿ ತೊಲೆಗಳನ್ನು ಒಟ್ಟಲು ಬಯಲು ಜಾಗ. ಎಲ್ಲವೂ ಬಾಯಿಯಿಂದ ಗಳಿಸಿದ್ದು. ಆದ್ದರಿಂದ ನೀವು ಕೇಳದಿದ್ದರೂ ಹೇಳುತ್ತೇನೆ: ಹಳೆಯ ಕಪಾಟು ಕೊಳ್ಳುವಾಗ ಮುಂದಿನ ಕೆತ್ತನೆಗೆ ಮರುಳಾಗಬೇಡಿ, ಹಿಂದಿನ ಹಲಗೆ ನೋಡಿ. ಬೆರಳಿನಿಂದ ಬಡಿದು ಸದ್ದು ಕೇಳಿ. ಮನಸ್ಸಿಗೆ ಬಂದ ಸಾಮಾನಿನ ಕಡೆ ಎರಡನೆಯ ಸಲ ನೋಡಬೇಡಿ. ಇಷ್ಟಾದರೂ ಮಾತು ಕುದುರದಿದ್ದರೆ ಬೆನ್ನು ತಿರುಗಿಸಿ ಹೊರಟುಬಿಡಿ. ನೀವು ರಸ್ತೆಗೆ ಇಳಿಯುವುದರೊಳಗೆ ಹಿಂದಿನಿಂದ ‘ಬರ್ರಿಲ್ಲೆ’ ಎಂಬ ಕರೆ ಬಂದೇ ಬರುತ್ತದೆ. ಈ ಕೊನೆಯ ಸೂತ್ರವನ್ನು ಎಷ್ಟು ಜನರಿಗೆ ಕಲಿಸಿದ್ದೇನೋ ಲೆಕ್ಕವಿಲ್ಲ. ನನಗೇ ಬೇಕಾದ ದಿನ ಮಾತ್ರ ಅದು ನೆನಪಾಗಲಿಲ್ಲ. ಅವತ್ತು ನನ್ನ ಎದುರಿಗಿದ್ದದ್ದು ಒಂದು ಬೆಕ್ಕು.

ಶಿರಹಟ್ಟಿಯ ಈರಪ್ಪ ಮಾಸ್ತರರು ಮಗಳ ಮದುವೆಗೆ ಕೊಡಲೆಂದು ನನ್ನಲ್ಲಿ ಒಂದು ಸಾಗವಾನಿ ಕಪಾಟು ಗೊತ್ತು ಮಾಡಿ ಹೋಗಿದ್ದರು. ಮರುದಿನ ಮಧ್ಯಾಹ್ನ ಟೆಂಪೊ ತಂದು ಒಯ್ಯುವವರಿದ್ದರು. ಕೊನೆಯ ಸಲ ಒರೆಸಿ ಇಡೋಣವೆಂದು ಮುಂಜಾನೆ ಕಪಾಟಿನ ಕೆಳಗಿನ ಬಾಗಿಲು ತೆಗೆದೆ. ಒಳಗೆ ಚಾಂದನಿ ಮಲಗಿದ್ದಳು. ಚಾಂದನಿ ಎಂದರೆ ಪಕ್ಕದ ಮನೆಯ ಬಿಳಿ ಬೆಕ್ಕು. ಅವಳ ಹೊಟ್ಟೆಗೆ ಒತ್ತಿಕೊಂಡು ಒದ್ದೆ ಹತ್ತಿಯ ಉಂಡೆಗಳಂಥ ನಾಲ್ಕು ಮರಿಗಳು. ಚಾಂದನಿ ನನ್ನನ್ನು ನೋಡಿದಳು. ಗಿರಾಕಿಯೊಬ್ಬ ಆಗಲೇ ಸೋಫಾದ ಮೇಲೆ ಕುಳಿತು ಚಹಾಕ್ಕೆ ಕಾಯುತ್ತಿರುವಾಗ ನೋಡುತ್ತಾನಲ್ಲ, ಹಾಗೆ.

ಸರೋಜಾ ಬಂದು ಬಗ್ಗಿ ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲನ್ನು ಮೆಲ್ಲಗೆ ಓರೆ ಮಾಡಿ, ಗಾಳಿ ಬಡಿಯುತ್ತದೆ, ತೆಗೆಯಬೇಡಿ ಎಂದಳು. ಮಾಸ್ತರರ ಟೆಂಪೊ ಬರುತ್ತದಲ್ಲ ಎಂದು ನಾನು ಕೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ಅವಳು ಹಾಲು ತರಲು ಒಳಗೆ ಹೋಗಿದ್ದಳು.

ನಾನು ನೇರ ಪಕ್ಕದ ಮನೆಗೆ ಹೋದೆ. ಅಲ್ಲಿ ಜೈತೂನಬಿ ಇರುತ್ತಾಳೆ. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಜೈತೂನಕ್ಕ ಎಂದೇ ಕರೆಯುತ್ತೇನೆ. ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುವುದು ಅವಳ ಕೆಲಸ. ಅವಳ ಕೌದಿ ಹೊದ್ದರೆ ಚಳಿಗಾಲ ಅಂಗಡಿಯ ಹೊರಗೇ ನಿಲ್ಲುತ್ತದೆ. ನಿನ್ನ ಬೆಕ್ಕು, ನಿನ್ನ ಮರಿ, ಎತ್ತಿಕೊಂಡು ಹೋಗಕ್ಕ ಎಂದೆ. ಅವಳು ಸೂಜಿ ನಿಲ್ಲಿಸಲಿಲ್ಲ.

“ಅಕಿ ನಿಮ್ಮ ಮನಿ ಹೆಣ್ಣು, ತಮ್ಮಾ. ನೀ ಕೊಟ್ಟಾಂವ, ನಾ ತಗೊಂಡಾಕಿ. ಚೊಚ್ಚಲ ಬಾಣಂತನ ತವರಮನ್ಯಾಗ ಆಗೂದು ರೀತಿ. ರೀತಿ ಅಕಿಗೆ ಗೊತ್ತೈತಿ, ಬಂದಾಳ. ನಿನಗ ಗೊತ್ತಿಲ್ಲ, ಅಷ್ಟ.”

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಹೋದ ವರ್ಷ ನಮ್ಮ ಮನೆಯ ಬೆಕ್ಕು ಮರಿ ಹಾಕಿದಾಗ ಜೈತೂನಕ್ಕ ಇಲಿ ಕಾಟಕ್ಕೆಂದು ಒಂದು ಮರಿ ಕೇಳಿದ್ದಳು. ಬೇರೆಯವರಾಗಿದ್ದರೆ ಸುಮ್ಮನೆ ಕೊಡುತ್ತಿದ್ದರು. ನಾನು ಮರಿಯ ತಾಯಿಯ ಗುಣಗಾನ ಮಾಡಿ, ಬಿಳಿ ಬಣ್ಣ ಎಲ್ಲೂ ಸಿಗದೆಂದು ಹೇಳಿ, ಬದಲಿಗೆ ಒಂದು ಕೌದಿ ಪಡೆದಿದ್ದೆ. ಪುಕ್ಕಟೆ ಹೋಗುವ ಮರಿಗೆ ಅಂಥ ಕೌದಿ! ಅದನ್ನು ಗದಗಿನ ಅರ್ಧ ಪೇಟೆಗೆ ಹೇಳಿಕೊಂಡು ತಿರುಗಿದ್ದೆ. ಈಗ ಜೈತೂನಕ್ಕ ಅದನ್ನೂ ಎತ್ತಿ ಆಡಿದಳು. ಹೆಣ್ಣು ಕೊಟ್ಟು ಮೇಲೆ ತೆರ ಇಸಿದುಕೊಂಡವನು ನೀನು, ಬಸುರಾದಾಗ ಸೀಮಂತದ ಕುಬಸ ಮಾಡಲಿಲ್ಲ, ನಾನು ಏನಾದರೂ ಅಂದೆನೇ ಎಂದಳು. ನಾನು ಅಂಗಡಿಗೆ ವಾಪಸು ಬಂದೆ.

ಇನ್ನು ಉಳಿದದ್ದು ಚಾಂದನಿಯ ಜೊತೆ ವ್ಯವಹಾರ. ಗಿರಾಕಿಗೆ ಮೊದಲು ಒಳ್ಳೆಯ ಮಾಲನ್ನೇ ತೋರಿಸಬೇಕು. ಲಕ್ಷ್ಮೇಶ್ವರದ ಒಂದು ವಾಡೆಯಿಂದ ಬಂದ ಕೆತ್ತನೆಯ ಪೆಟ್ಟಿಗೆ ಇತ್ತು. ಅದರಲ್ಲಿ ಹೊಸ ಟವೆಲ್ ಹಾಸಿ ಮರಿಗಳನ್ನು ಇಟ್ಟೆ. ಚಾಂದನಿ ಪೆಟ್ಟಿಗೆಯನ್ನು ಮೂಸಿದಳು, ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಕಪಾಟಿಗೇ ವಾಪಸು ಒಯ್ದಳು. ಆಮೇಲೆ ಮಾವಿನ ಹಣ್ಣಿನ ಬುಟ್ಟಿ, ಆಮೇಲೆ ದೇವರ ಮಂಟಪದಂಥ ಒಂದು ಗೂಡು. ಪ್ರತಿ ಸಲವೂ ಅದೇ ತೀರ್ಮಾನ. ನಡುನಡುವೆ ನಾನು ಬಾಗಿಲು ತೆಗೆದು, ಹೇಗಿದ್ದಾಳೆ, ಹಾಲು ಕುಡಿದಳೇ, ಮನಸ್ಸು ಬದಲಾಯಿತೇ ಎಂದು ಇಣುಕುತ್ತಲೇ ಇದ್ದೆ. ಅಂಗಡಿಯ ಹುಡುಗರಿಗೆ ನಾನೇ ಕಲಿಸಿದ್ದೇನೆ: ಗಿರಾಕಿಯ ಬೆನ್ನು ಹತ್ತಬೇಡ್ರೋ, ಓಡಿಹೋಗುತ್ತಾರೆ ಎಂದು.

ಮರುದಿನ ಮುಂಜಾನೆ ಕೊನೆಯ ಪ್ರಯತ್ನವೆಂದು ಮತ್ತೆ ಕೈ ಹಾಕಿದೆ. ಚಾಂದನಿ ಈ ಸಲ ಕಪಾಟಿಗೆ ತಿರುಗಲಿಲ್ಲ. ಒಂದು ಮರಿಯನ್ನು ಕಚ್ಚಿಕೊಂಡು ಅಂಗಡಿಯ ಮುಂಬಾಗಿಲಿನಿಂದ ಹೊರಗೆ ನಡೆದಳು. ಬಂದು ಎರಡನೆಯದನ್ನು ಒಯ್ದಳು, ಮೂರನೆಯದನ್ನೂ ಒಯ್ದಳು. ಪಕ್ಕದ ಬಯಲಿನಲ್ಲಿ ಒಟ್ಟಿದ ತೊಲೆಗಳ ಸಂದಿಯಲ್ಲಿ ಸೇರಿಕೊಂಡಳು. ನಾಲ್ಕನೆಯದು ಕಪಾಟಿನಲ್ಲೇ ಉಳಿಯಿತು. ಎಲ್ಲಕ್ಕಿಂತ ಸಣ್ಣದು, ಬೆನ್ನ ಮೇಲೆ ಬೂದು ಪಟ್ಟೆ. ಅದು ತೆಳ್ಳಗೆ ಅರಚತೊಡಗಿತು. ಚಾಂದನಿ ಬರಲಿಲ್ಲ.

ಬಿಸಿಲೇರಿದರೆ ಓಣಿಯ ನಾಯಿಗಳೆಲ್ಲ ಬಂದು ಮಲಗುವುದು ಆ ತೊಲೆಗಳ ನೆರಳಿನಲ್ಲೇ. ಇದು ನನಗೂ ಗೊತ್ತಿತ್ತು, ಸರೋಜಾಳಿಗೂ ಗೊತ್ತಿತ್ತು. ಅವಳು ಕೂಗಾಡಿದ್ದರೆ ನನಗೂ ಉತ್ತರ ಕೊಡಲು ಬರುತ್ತಿತ್ತು. ಅವಳು ಕೋಲು ಹಿಡಿದುಕೊಂಡು ಹೋಗಿ ಬಯಲಿನ ಬಾಯಿಗೆ ಸ್ಟೂಲು ಹಾಕಿ ಕುಳಿತಳು. ಹೋಗುವಾಗ ಒಂದೇ ಮಾತು ಹೇಳಿದಳು. “ಕಪಾಟ ಹೋದ್ರ ಇನ್ನೊಂದು ಬರತೈತ್ರಿ.”

ಮರಿಯ ಅರಚಾಟ ಗೋಡೆ ದಾಟಿರಬೇಕು. ಜೈತೂನಕ್ಕ ತಾನೇ ಬಂದಳು. ಮರಿಯನ್ನು ಅಂಗೈಯಲ್ಲಿ ಹಿಡಿದು ಸೆರಗಿನಿಂದ ಮುಚ್ಚಿ, ನಾನು ಮಾಡಿದ್ದನ್ನೆಲ್ಲ ಕೇಳಿಸಿಕೊಂಡಳು.

“ಬಾಣಂತಿ ಮುಂದ ತಾಸಿಗೊಮ್ಮೆ ಬಂದು ನಿಂತ್ರ ಯಾವಾಕಿ ಇರತಾಳೋ? ತವರಮನಿ ಅಂತ ಬಂದ್ರ ನೀ ಲಾಡ್ಜಿನ ಮ್ಯಾನೇಜರನಂಗ ಖೋಲಿ ತೋರಸಾಕ ಹತ್ತಿ. ಆ ಕೌದಿ ಎಲ್ಲೈತಿ?”

ಕೌದಿ ನನ್ನ ಹಾಸಿಗೆಯ ಮೇಲಿತ್ತು. ಮಧ್ಯಾಹ್ನ ನಾನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ತೂಕಡಿಸುವಾಗ ಚಾಂದನಿ ಒಳಗೆ ಬಂದು ಅದರ ಮೇಲೆ ಮಲಗಿ ಹೋಗುತ್ತಾಳಂತೆ. ಒಂದು ವರ್ಷದಿಂದ ನಡೆದಿದೆ. ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತು. ಹೊಸ ಟವೆಲಿಗೆ ಅಂಗಡಿಯ ವಾಸನೆ, ಕೌದಿಗೆ ಮನೆಯ ವಾಸನೆ ಎಂದಳು ಜೈತೂನಕ್ಕ. ನನ್ನ ಜೀವಮಾನದ ಅತ್ಯುತ್ತಮ ವ್ಯವಹಾರವನ್ನು ನನ್ನ ಕೈಯಾರೆ ಎತ್ತಿಕೊಂಡು ಬಂದು, ಒಳಕೋಣೆಯಲ್ಲಿ ಜೋಳದ ಚೀಲಗಳಿಗೂ ಗೋಡೆಗೂ ನಡುವೆ ಹಾಸಿದೆ. ಜೈತೂನಕ್ಕ ಮರಿಯನ್ನು ಅದರ ಮಡಿಕೆಯಲ್ಲಿ ಮಲಗಿಸಿದಳು. ಇನ್ನು ಎಲ್ಲರೂ ಬೆನ್ನು ತಿರುಗಿಸಿ ಕುಂಡ್ರಿ ಎಂದಳು. ಆಗ ನನಗೆ ಕಪಾಳಕ್ಕೆ ಹೊಡೆದಂತಾಯಿತು. ಬೆನ್ನು ತಿರುಗಿಸುವುದು! ಊರಿಗೆಲ್ಲ ಹೇಳುವವನು ನಾನು.

ಸರಿಯಾಗಿ ಆಗಲೇ ಮಾಸ್ತರರ ಟೆಂಪೊ ಬಂದು ನಿಂತಿತು. ಹಮಾಲರು ಇಳಿದು ಹಗ್ಗ ಬಿಚ್ಚತೊಡಗಿದರು. ಕಪಾಟು ಖಾಲಿಯಾಗಿತ್ತು, ಎತ್ತಿಕೊಂಡು ಹೋಗಬಹುದಿತ್ತು. ಆದರೆ ಚಾಂದನಿ ಬರಬೇಕಾದ ದಾರಿ ಅದೇ ಮುಂಬಾಗಿಲು. ನಾನು ಹಮಾಲರನ್ನು ಗೋಡೆಗೆ ಸರಿಸಿ, ಮಾಸ್ತರರನ್ನು ಕೂರಿಸಿ, ಚಹಾ ಹೇಳಿದೆ. ಅದು ಮುಗಿದ ಮೇಲೆ ಇನ್ನೊಂದು ಚಹಾ ಹೇಳಿದೆ. ಪುಕ್ಕಟೆ ಚಹಾ ಎರಡನೆಯ ಸಲ ಬಂದದ್ದು ನೋಡಿ ಮಾಸ್ತರರಿಗೆ ಸಂಶಯ ಬಂತು. ಅವರು ಕನ್ನಡಕ ಸರಿಮಾಡಿಕೊಂಡರು.

“ಸಾವಕಾರ್ರ, ಮಾತು ಮುಗದ ವ್ಯವಹಾರ ಇದು. ಮತ್ತ ಏರಸೂ ವಿಚಾರ ಇದ್ರ ಈಗ ಹೇಳಿಬಿಡ್ರಿ.”

“ಏರಸೂದಲ್ರಿ ಮಾಸ್ತರ್ರ. ಬಾಣಂತಿ ಬರಬೇಕು. ಸ್ವಲ್ಪ ತಡೀರಿ.”

ಅವರು ಪಾಪ, ನನ್ನ ಮಗಳೆಂದು ತಿಳಿದು ಕಾಲು ಮಡಚಿಕೊಂಡು ಗಂಭೀರವಾಗಿ ಕುಳಿತರು. ಒಳಗಿನಿಂದ ಮರಿಯ ದನಿ ಬರುತ್ತಲೇ ಇತ್ತು, ಮೊದಲಿಗಿಂತ ಕ್ಷೀಣವಾಗಿ. ನಾನು ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದೆ. ಕತ್ತು ತಿರುಗಿಸದೆ ಇರುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು. ನನ್ನ ಸಲಹೆ ನಂಬಿ ಬೆನ್ನು ತಿರುಗಿಸಿ ನಡೆದವರೆಲ್ಲರ ಮೇಲೆ ನನಗೆ ಗೌರವ ಹುಟ್ಟಿತು. ಯಾರೂ ಕರೆಯದಿದ್ದರೆ ಏನು ಮಾಡುವುದು ಎಂಬುದನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಆಮೇಲೆ ಮಾಸ್ತರರ ಕಣ್ಣುಗಳು ನೆಲದ ಮೇಲೆ ಏನನ್ನೋ ಹಿಂಬಾಲಿಸಿದವು. ಚಾಂದನಿ, ಬಾಯಲ್ಲಿ ಮರಿ. ಹಮಾಲರ ಕಾಲುಗಳ ನಡುವಿನಿಂದ, ನನ್ನ ಚಪ್ಪಲಿಯ ಮೇಲಿಂದ, ಯಾರನ್ನೂ ನೋಡದೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನ ಅರಚಾಟ ನಿಂತಿತು. ಹೊರಗೆ ಬಂದಳು, ಮತ್ತೊಂದು ತಂದಳು. ಆ ಹಮಾಲರು ಎತ್ತಿದ ಕಾಲನ್ನು ಇಳಿಸದೆ ಕೊಕ್ಕರೆಯ ಹಾಗೆ ನಿಂತಿದ್ದರು. ಕೊನೆಯ ಮರಿ ದಾಟುವಾಗ ಮಾಸ್ತರರು ಅರ್ಧ ಎದ್ದು ನಿಂತರು. ಹಿಂದೆಯೇ ಕೋಲು ಹಿಡಿದ ಸರೋಜಾ ಬಂದಳು. “ಎಲ್ಲಾರೂ ಬಂದ್ರು,” ಎಂದಳು. ಕಪಾಟು ಟೆಂಪೊ ಏರಿತು. ಅದಕ್ಕೆ ಎಷ್ಟು ಗೀರು ಬಿತ್ತೆಂದು ನಾನು ನೋಡಲಿಲ್ಲ.

ಚಾಂದನಿಯ ಬಾಣಂತನ ಮನೆತನಕ್ಕೆ ತಕ್ಕಂತೆ ಆಯಿತು. ಮರಿಗಳು ಗಟ್ಟಿಯಾದ ಮೇಲೆ ಸರೋಜಾ ಅವನ್ನು ನಮ್ಮಲ್ಲೇ ಇಟ್ಟುಕೊಂಡು ಚಾಂದನಿಯನ್ನು ಪಕ್ಕದ ಮನೆಗೆ ಕಳಿಸಿಕೊಟ್ಟಳು, ಜೈತೂನಕ್ಕನಿಗೆ ಕುಬಸದ ಕಣವನ್ನೂ ಕೊಟ್ಟಳು. ಬೀಗರನ್ನು ಬರಿಗೈಯಲ್ಲಿ ಕಳಿಸಲು ಆಗುತ್ತದೆಯೇ ಎಂದು ಕೇಳಿದಳು. ಈರಪ್ಪ ಮಾಸ್ತರರು ಮದುವೆ ಮುಗಿಸಿಕೊಂಡು ಬಂದು, ಇಲಿಗಳು ಪುಸ್ತಕ ತಿನ್ನುತ್ತಿವೆ, ಒಂದು ಮರಿ ಕೊಡಿ ಎಂದರು. ಬೂದು ಪಟ್ಟೆಯದನ್ನೇ ಆರಿಸಿದರು. ಈ ಸಲ ನಾನು ಪಾಠ ಕಲಿತಿದ್ದೆ. ಕೌದಿ ಕೇಳಲಿಲ್ಲ, ಏನೂ ಕೇಳಲಿಲ್ಲ. ಮನೆಯಲ್ಲಿ ನಾಯಿ ಇದೆಯೇ, ಹಾಲು ಹಾಕುವವರು ಯಾರು ಎಂದೆಲ್ಲ ವಿಚಾರಿಸಿ, ಒಂದೇ ಷರತ್ತು ಹಾಕಿದೆ: ಚೊಚ್ಚಲ ಬಾಣಂತನ ನಿಮ್ಮ ಮನೆಯಲ್ಲೇ ಆಗಬೇಕು, ತವರಿಗೆ ಕಳಿಸುವಂತಿಲ್ಲ. ಮಾಸ್ತರರು ಕೂಡಲೇ ಒಪ್ಪಿದರು. ಚೌಕಾಸಿಯಿಲ್ಲದೆ ಯಾರಾದರೂ ಒಪ್ಪಿದರೆ ಸಂಶಯ ಪಡಬೇಕೆಂದು ನಾನೇ ನಿಮಗೆ ಹೇಳಬೇಕಾಗಿತ್ತು.

ಮಾಸ್ತರರು ಮರಿಯನ್ನು ಒಯ್ದ ಮೇಲೆ ಜೈತೂನಕ್ಕ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ನಗುತ್ತಿದ್ದಳು. ಪಟ್ಟೆಯದು ಗಂಡು ಮರಿಯಂತೆ. ಉಳಿದ ಮೂರೂ ಹೆಣ್ಣು.

ಆದ್ದರಿಂದ, ಬೆಟಗೇರಿಯ ಆಚೀಚೆ ಇರುವವರಿಗೆ ಹೇಳುವುದಿಷ್ಟೆ: ಇಲಿ ಕಾಟ ಇದ್ದವರು ಬನ್ನಿ, ಮರಿಗಳಿವೆ, ಷರತ್ತೇನೂ ಇಲ್ಲ. ಜೋಳದ ಚೀಲಗಳ ಸಂದಿಯಲ್ಲಿ ಕೌದಿ ಹಾಸಿದ್ದು ಹಾಸಿದಂತೆಯೇ ಇದೆ. ಎತ್ತಿ ನನ್ನ ಹಾಸಿಗೆಗೆ ತಂದುಕೊಳ್ಳಬೇಕೆಂದು ದಿನಾ ಅಂದುಕೊಳ್ಳುತ್ತೇನೆ. ಮೊನ್ನೆ ಯಾರೋ ಗಿರಾಕಿ ಒಳಗೆ ಇಣುಕಿ ಅದನ್ನು ಕೊಡುತ್ತೀರಾ ಎಂದು ಕೇಳಿದರು. ಇಲ್ಲರೀ, ಅದು ನಮ್ಮ ಹೆಣ್ಣುಮಕ್ಕಳದು ಎಂದುಬಿಟ್ಟೆ.